ಕಲ್ಯಾಣಪುರದ ಐದನೆಯ ವರ್ಷ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ರೈಲು ಇಟಾರ್ಸಿಯನ್ನು ಬಿಟ್ಟ ಮೇಲೆ ನರ್ಮದೆಯನ್ನು ದಾಟುತ್ತದೆ. ಸೇತುವೆಯ ಉಕ್ಕಿನ ತೊಲೆಗಳು ಕಿಟಕಿಯ ಹೊರಗೆ ಒಂದೊಂದಾಗಿ ಹಿಂದೆ ಸರಿಯುತ್ತಿರುವಾಗ, ಕೆಳಗೆ ಹರಡಿದ ನೀರನ್ನು ಕಂಡ ಕನ್ನಡಿಗನಿಗೆ ಶಾಲೆಯಲ್ಲಿ ಓದಿದ ಒಂದು ಪಾಠ ನೆನಪಾಗದೆ ಇರದು. ಕನೌಜಿನ ಹರ್ಷವರ್ಧನನನ್ನು ಬಾದಾಮಿಯ ಇಮ್ಮಡಿ ಪುಲಕೇಶಿ ತಡೆದು ನಿಲ್ಲಿಸಿದ ಗಡಿ ಇದೇ ನದಿ. ಅಂದು ಎರಡು ಸಾಮ್ರಾಜ್ಯಗಳ ನಡುವಣ ಗೆರೆಯಾಗಿದ್ದ ಈ ನೀರನ್ನು ಇಂದು ದಾಟಿಹೋಗುವವರಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡ ಹದಿನೆಂಟರ ಹರೆಯದ ಹುಡುಗ ಹುಡುಗಿಯರೂ ಇದ್ದಾರೆ. ಅವರು ಹೊರಟಿರುವುದು ಕನೌಜಿನ ದಿಕ್ಕಿಗೇ. ಆದರೆ ದಂಡಯಾತ್ರೆಗಲ್ಲ, ವಿದ್ಯಾರ್ಜನೆಗೆ.

ಝಾನ್ಸಿಯನ್ನು ಕಳೆದು, ಕಾಲ್ಪಿಯ ಬಳಿ ಯಮುನೆಯನ್ನು ದಾಟಿ ರೈಲು ಕಾನ್ಪುರವನ್ನು ಸೇರುತ್ತದೆ. ಕಾನ್ಪುರ ಗಂಗೆಯ ದಡದ ಊರಾದರೂ ಯಾತ್ರಿಕರ ಊರಲ್ಲ. ಚರ್ಮ ಹದಮಾಡುವ ಕಾರ್ಖಾನೆಗಳು, ಹಳೆಯ ನೂಲಿನ ಗಿರಣಿಗಳ ಇಟ್ಟಿಗೆಯ ಗೋಡೆಗಳು, ಸೈಕಲ್ ರಿಕ್ಷಾಗಳ ಗಂಟೆ, ಬೀದಿಬದಿಯ ಕಚೋರಿಯ ಎಣ್ಣೆಯ ವಾಸನೆ – ಇವೇ ಅದರ ಮೊದಲ ಪರಿಚಯ. ಊರಿನ ನಡುವಿನಿಂದ ವಾಯವ್ಯಕ್ಕೆ ಗ್ರ್ಯಾಂಡ್ ಟ್ರಂಕ್ ರಸ್ತೆ ಹೊರಡುತ್ತದೆ. ಹಿಡಿದು ನಡೆದರೆ ಅದು ಸುಮಾರು ಎಂಬತ್ತು ಕಿಲೋಮೀಟರ್ ದೂರದಲ್ಲಿ ಹರ್ಷನ ಕನೌಜನ್ನೇ ಮುಟ್ಟಿಸುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. 2021ರ ಡಿಸೆಂಬರಿನಿಂದ ಈ ರಸ್ತೆಯ ಮೇಲ್ಗಡೆ ಮೆಟ್ರೊ ರೈಲು ಓಡುತ್ತಿದೆ. ಅದರ ಕೊನೆಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಒಂದು ಮಹಾದ್ವಾರ. ಆ ಬಡಾವಣೆಯ ಹೆಸರು ಕಲ್ಯಾಣಪುರ. ಬಸವಣ್ಣನವರ ಕಲ್ಯಾಣವನ್ನು ಬಲ್ಲ ಕಿವಿಗೆ ಹೆಸರು ಅಪರಿಚಿತವೆನಿಸುವುದಿಲ್ಲ. ದ್ವಾರದ ಒಳಗಿರುವುದು ಭಾರತೀಯ ತಂತ್ರಜ್ಞಾನ ಸಂಸ್ಥೆ. ಜನರ ಬಾಯಲ್ಲಿ ಐ.ಐ.ಟಿ.

ಹೆದ್ದಾರಿಯ ಪಕ್ಕದ ಓಡುದಾರಿ

ಈ ಸಂಸ್ಥೆ 1959ರ ಡಿಸೆಂಬರಿನಲ್ಲಿ ಹುಟ್ಟಿದಾಗ ಅದಕ್ಕೆ ಸ್ವಂತ ಮನೆಯಿರಲಿಲ್ಲ. ಊರೊಳಗಿನ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಎರವಲು ಕಟ್ಟಡದಲ್ಲಿ ಮೊದಲ ಪಾಠಗಳು ನಡೆದವು. 1963ರಲ್ಲಿ ಕಲ್ಯಾಣಪುರದ ಬಯಲಿಗೆ ಬಿಡಾರ ಬಂತು. ಒಂದು ಸಾವಿರ ಎಕರೆಗೂ ಮಿಕ್ಕಿದ ಆ ನೆಲದಲ್ಲಿ ವಾಸ್ತುಶಿಲ್ಪಿ ಅಚ್ಯುತ ಕಾನ್ವಿಂದೆಯವರು ಇಟ್ಟಿಗೆ ಮತ್ತು ಕಾಂಕ್ರೀಟಿನಲ್ಲಿ ಕಟ್ಟಿದ ವಿದ್ಯಾಮಂದಿರಗಳು ಇಂದಿಗೂ ಗಂಭೀರವಾಗಿ ನಿಂತಿವೆ. ಕಟ್ಟಡದಿಂದ ಕಟ್ಟಡಕ್ಕೆ ನೆರಳಿನಲ್ಲೇ ನಡೆದುಹೋಗುವಂತೆ ಮೇಲ್ಛಾವಣಿಯ ಹಾದಿಗಳಿವೆ. ಮೇ ತಿಂಗಳ 'ಲೂ' ಗಾಳಿಯನ್ನು ಒಮ್ಮೆ ಅನುಭವಿಸಿದವರಿಗೆ ಆ ಹಾದಿಗಳ ಬೆಲೆ ತಿಳಿಯುತ್ತದೆ. ಬೆಳಗ್ಗೆ ನವಿಲುಗಳು ವಿದ್ಯಾರ್ಥಿನಿಲಯದ ಅಂಗಳಕ್ಕೆ ಇಳಿಯುತ್ತವೆ. ನೀಲಗಾಯಿಗಳು ಪೊದೆಯ ಮರೆಯಿಂದ ಇಣುಕುತ್ತವೆ.

ಸಂಸ್ಥೆಯ ಮೊದಲ ನಿರ್ದೇಶಕರಾದ ಪಿ. ಕೆ. ಕೇಳ್ಕರ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಈ ಸಂಸ್ಥೆಗೆ ಕೈನೀಡಿದವು. ಪ್ರಾಧ್ಯಾಪಕರು ಬಂದರು, ಯಂತ್ರಗಳು ಬಂದವು. 1963ರಲ್ಲಿಯೇ ಗಣಕಯಂತ್ರ ಬಂತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಎನ್. ಆರ್. ನಾರಾಯಣಮೂರ್ತಿಯವರು 1969ರಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು ಇಲ್ಲಿಯೇ.

ಆದರೆ ಇಲ್ಲಿ ನೋಡಲೇಬೇಕಾದ ವಸ್ತು ಗಣಕಯಂತ್ರವಲ್ಲ. 1964ರಲ್ಲಿ ಇಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ವಿಮಾನಶಾಸ್ತ್ರದ ಬೋಧನೆ ನಮ್ಮ ದೇಶದಲ್ಲಿ ಅದಕ್ಕೂ ಹಿಂದೆ, 1942ರಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮೊದಲಾಗಿತ್ತು. ಕಾನ್ಪುರದ ವೈಶಿಷ್ಟ್ಯ ಬೇರೆ. ಇಲ್ಲಿ ವಿದ್ಯಾಲಯದ ಆವರಣದೊಳಗೆ ಒಂದು ಓಡುದಾರಿ ಇದೆ; ಅದರ ಬದಿಯಲ್ಲಿ ವಿಮಾನಗಳನ್ನು ನಿಲ್ಲಿಸುವ ಕೊಟ್ಟಿಗೆ ಇದೆ; ಹಾರಲು ಸಿದ್ಧವಾದ ಚಿಕ್ಕ ವಿಮಾನಗಳಿವೆ. ಇದಕ್ಕೆ ಹಾರಾಟದ ಪ್ರಯೋಗಾಲಯವೆಂದು ಹೆಸರು. ರಸಾಯನಶಾಸ್ತ್ರದ ವಿದ್ಯಾರ್ಥಿ ಗಾಜಿನ ಕೊಳವೆಯ ಮುಂದೆ ನಿಲ್ಲುವಂತೆ ಇಲ್ಲಿನ ವಿದ್ಯಾರ್ಥಿ ಆಕಾಶದ ಮುಂದೆ ನಿಲ್ಲುತ್ತಾನೆ. ಇಂತಹ ಅನುಕೂಲವಿಲ್ಲದ ಇತರ ವಿದ್ಯಾಲಯಗಳ ವಿಮಾನಶಾಸ್ತ್ರದ ವಿದ್ಯಾರ್ಥಿಗಳೂ ಈ ಪ್ರಯೋಗಗಳಿಗಾಗಿಯೇ ರೈಲು ಹತ್ತಿ ಇಲ್ಲಿಗೆ ಬರುವುದುಂಟು.

ಪಕ್ಕದಲ್ಲಿ ಇನ್ನೊಂದು ಅಚ್ಚರಿಯಿದೆ. ಅದು 1999ರಲ್ಲಿ ಸಿದ್ಧವಾದ ರಾಷ್ಟ್ರೀಯ ಗಾಳಿಸುರಂಗ. ಎಂಜಿನಿಯರುಗಳ ಮಾತಿನಲ್ಲಿ ವಿಂಡ್ ಟನಲ್. ಮೂರು ಮೀಟರ್ ಅಗಲ, ಎರಡೂಕಾಲು ಮೀಟರ್ ಎತ್ತರದ ಅದರ ಪರೀಕ್ಷಾಕೋಣೆಯಲ್ಲಿ ಸೆಕೆಂಡಿಗೆ 80 ಮೀಟರ್, ಎಂದರೆ ಗಂಟೆಗೆ 288 ಕಿಲೋಮೀಟರ್ ವೇಗದ ಗಾಳಿಯನ್ನು ಬೀಸಬಹುದು. ಅಲ್ಲಿ ವಿಮಾನದ ಮಾದರಿ ನಿಂತಲ್ಲೇ ನಿಂತಿರುತ್ತದೆ, ಗಾಳಿ ಓಡುತ್ತದೆ. ಹೊರಗಿನ ಓಡುದಾರಿಯಲ್ಲಿ ಗಾಳಿ ನಿಂತಿರುತ್ತದೆ, ವಿಮಾನ ಓಡುತ್ತದೆ. ಎರಡರಲ್ಲೂ ಉತ್ತರ ಒಂದೇ ಬರಬೇಕು. ಬಾರದಿದ್ದರೆ ಏಕೆಂದು ಕೇಳಬೇಕು. ಈ 'ಏಕೆ'ಯಲ್ಲಿಯೇ ಕಲ್ಯಾಣಪುರದ ಕಥೆಯೆಲ್ಲ ಅಡಗಿದೆ.

ಓಡಿಹೋಗುವುದೋ, ಹಾರುವುದೋ

ಚಳಿ ಇಳಿದ ಫೆಬ್ರುವರಿಯ ಒಂದು ಬೆಳಗ್ಗೆ ವಿದ್ಯಾರ್ಥಿಗಳ ಒಂದು ಚಿಕ್ಕ ಗುಂಪು ಕೊಟ್ಟಿಗೆಯ ಮುಂದೆ ಸೇರುತ್ತದೆ. ಮೊದಲ ಕೆಲಸ ತೂಕ. ಯಾರು ಎಷ್ಟು ಭಾರ, ಯಾವ ಆಸನದಲ್ಲಿ ಕೂರುವರು, ಇಂಧನ ಎಷ್ಟು – ಎಲ್ಲವನ್ನೂ ಬರೆದು ವಿಮಾನದ ಭಾರಕೇಂದ್ರವೆಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಾರೆ. ಮುಂದೆ ಕೂರುವ ದಪ್ಪ ಗೆಳೆಯ ಹಿಂದೆ ಕೂತರೆ ವಿಮಾನದ ಸ್ವಭಾವವೇ ಬದಲಾದೀತು! ಇಲ್ಲಿ ಬಹುಕಾಲ ದುಡಿದ ಪೈಪರ್ ಸಾರಟೋಗಾ ವಿಮಾನದಲ್ಲಿ ಆರು ಆಸನಗಳು. ಚಾಲಕ ಹಾರಿಸುತ್ತಾನೆ, ಹಿಂದೆ ಕುಳಿತವರು ವೇಗ, ಎತ್ತರ, ಸಮಯಗಳನ್ನು ಗುರುತು ಹಾಕಿಕೊಳ್ಳುತ್ತಾರೆ.

ಮೇಲೇರಿದ ಮೇಲೆ ಗಂಗೆ ಒಂದು ಬೂದುಬಣ್ಣದ ಸೆರಗಿನಂತೆ ಕಾಣುತ್ತದೆ. ಅದರ ದಡದಲ್ಲಿ ಬಿಠೂರು. ವಾಲ್ಮೀಕಿಯ ಆಶ್ರಮವಿದ್ದದ್ದು ಅಲ್ಲಿಯೇ ಎಂದು ಜನ ನಂಬಿದ ಊರು. ಪುಷ್ಪಕವಿಮಾನವನ್ನು ಹಾರಿಸಿದ ಕವಿಗೆ ಭಾರಕೇಂದ್ರದ ಚಿಂತೆಯಿರಲಿಲ್ಲ. ಅದರಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಸ್ಥಳವಿರುತ್ತಿತ್ತೆಂದು ಅಜ್ಜಿಯರು ಹೇಳುತ್ತಾರೆ. ಈ ಪುಟ್ಟ ವಿಮಾನದಲ್ಲಿ ಒಂದೊಂದು ಕಿಲೋ ಭಾರಕ್ಕೂ ಲೆಕ್ಕ ಒಪ್ಪಿಸಬೇಕು.

ಆಗ ಚಾಲಕನು ಮೂತಿಯನ್ನು ತುಸು ಎತ್ತಿ, ವೇಗ ಸ್ವಲ್ಪ ಇಳಿಯಲು ಬಿಟ್ಟು, ಹಿಡಿಕೆಯಿಂದ ಕೈ ತೆಗೆಯುತ್ತಾನೆ. ವಿಮಾನ ತಾನಾಗಿಯೇ ತಲೆ ಬಾಗಿಸುತ್ತದೆ. ಇಳಿಯುತ್ತ ವೇಗ ಕೂಡುತ್ತದೆ. ವೇಗ ಕೂಡಿದಂತೆ ರೆಕ್ಕೆಯ ಎತ್ತುಬಲ ಹೆಚ್ಚುತ್ತದೆ. ವಿಮಾನ ಮತ್ತೆ ಏರುತ್ತದೆ. ಏರುತ್ತ ವೇಗ ಕಳೆದುಕೊಂಡು ಮತ್ತೆ ಬಾಗುತ್ತದೆ. ಉಯ್ಯಾಲೆಯಂತೆ, ನಿಧಾನವಾಗಿ, ಅಲೆ ಅಲೆಯಾಗಿ ಅದು ಮುಂದೆ ಸಾಗುತ್ತದೆ. ಹೊಟ್ಟೆಯೊಳಗಿನ ಉಪಾಹಾರವೂ ಅದರ ಜೊತೆಗೆ ಏರಿಳಿಯುತ್ತದೆ. ಒಬ್ಬನ ಮುಖ ಬಿಳಿಚಿಕೊಳ್ಳುತ್ತದೆ, ಇನ್ನೊಬ್ಬಳ ಬರಹ ಸೊಟ್ಟಗಾಗುತ್ತದೆ. ಆದರೂ ಕೈಯಲ್ಲಿಯ ಗಡಿಯಾರವನ್ನು ಬಿಡುವಂತಿಲ್ಲ. ಒಂದು ಅಲೆಗೆ ಎಷ್ಟು ಸೆಕೆಂಡು? ಪ್ರಶ್ನೆ ಅಷ್ಟೆ.

ಈ ಅಲೆಗೆ ಫ್ಯೂಗಾಯಿಡ್ ಎಂಬ ಹೆಸರನ್ನಿಟ್ಟವನು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್. ಮೋಟಾರು ಕಾರುಗಳನ್ನು ನಿರ್ಮಿಸುತ್ತಿದ್ದ ಈ ಎಂಜಿನಿಯರ್, ತಾನೇ ಮಾಡಿದ ತೇಲುವಿಮಾನದ ಮಾದರಿಗಳನ್ನು ಹಾರಿಸಿ ನೋಡಿ, 1908ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಚಲನೆಯ ಗಣಿತವನ್ನು ಬಿಡಿಸಿಟ್ಟ. ಹೆಸರಿಡುವಾಗ ಮಾತ್ರ ಒಂದು ತಮಾಷೆಯ ತಪ್ಪು ನಡೆಯಿತು. ಇಂಗ್ಲಿಷಿನಲ್ಲಿ ಹಾರಾಟಕ್ಕೂ ಪಲಾಯನಕ್ಕೂ 'ಫ್ಲೈಟ್' ಎಂಬುದೊಂದೇ ಪದ. ಗ್ರೀಕ್ ಭಾಷೆಯಲ್ಲಿ ಹಾಗಿಲ್ಲ. ಲ್ಯಾಂಚೆಸ್ಟರ್ ಹಾರಾಟಕ್ಕೆ ಗ್ರೀಕ್ ಧಾತುವನ್ನು ಹುಡುಕಹೋಗಿ ಪಲಾಯನದ ಧಾತುವನ್ನು ಎತ್ತಿಕೊಂಡ. ಹೀಗಾಗಿ ಆಕಾಶದ ಈ ಸುಂದರವಾದ ಅಲೆಗೆ 'ಓಡಿಹೋಗುವುದು' ಎಂಬ ಅರ್ಥದ ಹೆಸರು ಅಂಟಿಕೊಂಡು, ನೂರು ವರ್ಷಗಳ ಮೇಲೂ ಉಳಿದುಬಂದಿದೆ.

ಲ್ಯಾಂಚೆಸ್ಟರನ ಲೆಕ್ಕ ಬಹಳ ಸರಳ. ವಿಮಾನದ ಗಾತ್ರ, ತೂಕ ಯಾವುದೂ ಬೇಡ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು 0.45ರಿಂದ ಗುಣಿಸಿದರೆ ಒಂದು ಅಲೆಯ ಸಮಯ ಸೆಕೆಂಡುಗಳಲ್ಲಿ ದೊರೆಯುತ್ತದೆ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹಾರುವ ವಿಮಾನಕ್ಕೆ ಸುಮಾರು ಇಪ್ಪತ್ತೆರಡೂವರೆ ಸೆಕೆಂಡು. ಪರೀಕ್ಷೆಯಲ್ಲಿ ಇದನ್ನು ಬರೆದರೆ ಪೂರ್ಣ ಅಂಕ. ಆದರೆ ಆಕಾಶದಲ್ಲಿ ಅಳೆದಾಗ ಗಡಿಯಾರ ಇದೇ ಸಂಖ್ಯೆಯನ್ನು ತೋರಿಸುವುದಿಲ್ಲ. ಅಷ್ಟೋ ಇಷ್ಟೋ ವ್ಯತ್ಯಾಸ ಇದ್ದೇ ಇರುತ್ತದೆ. ಲೆಕ್ಕ ಹಾಕುವಾಗ ಲ್ಯಾಂಚೆಸ್ಟರ್ ಗಾಳಿಯ ಎಳೆತವನ್ನು ಎಂಜಿನ್ನಿನ ನೂಕು ಸದಾ ಸರಿದೂಗಿಸುತ್ತದೆಂದೂ, ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಬದಲಾಗುವುದಿಲ್ಲವೆಂದೂ ಭಾವಿಸಿಕೊಂಡಿದ್ದ. ನಿಜವಾದ ವಿಮಾನ ಈ ಭಾವನೆಗಳಿಗೆ ಬದ್ಧವಲ್ಲ. ವೇಗದೊಡನೆ ಎಳೆತ ಬದಲಾಗುತ್ತದೆ; ಮೂತಿಯ ತಿರುಗುರೆಕ್ಕೆಯ ನೂಕು ಬದಲಾಗುತ್ತದೆ; ಗಾಳಿಯೂ ಸುಮ್ಮನಿರುವುದಿಲ್ಲ; ವೇಗ ತೋರಿಸುವ ಮುಳ್ಳು ಕೂಡ ತುಸು ತಡವಾಗಿ ಸತ್ಯ ಹೇಳುತ್ತದೆ.

ನಾಲ್ಕು ವರ್ಷಗಳ ಪಾಠ ಆ ಇಪ್ಪತ್ತೆರಡೂವರೆಯನ್ನು ಕಲಿಸುತ್ತದೆ. ಉಳಿದ ಆ ಚೂರು ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಲು ಇನ್ನೊಂದು ವರ್ಷ ಬೇಕು.

ಎರಡು ಪದವಿ, ಐದು ವರ್ಷ

ಆ ಇನ್ನೊಂದು ವರ್ಷಕ್ಕೆ ಇಲ್ಲಿ ಒಂದು ವ್ಯವಸ್ಥೆಯಿದೆ. ಸಾಧಾರಣವಾಗಿ ಎಂಜಿನಿಯರಿಂಗ್ ಸ್ನಾತಕ ಪದವಿಯಾದ ಬಿ.ಟೆಕ್.ಗೆ ನಾಲ್ಕು ವರ್ಷ. ಅದಾದ ಮೇಲೆ ಬೇರೆಯಾಗಿ ಪರೀಕ್ಷೆ ಬರೆದು ಎಂ.ಟೆಕ್. ಸೇರಿದರೆ ಇನ್ನೆರಡು ವರ್ಷ. ಎರಡನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಐದು ವರ್ಷಗಳಲ್ಲಿ ಮುಗಿಸುವುದೇ ಕೂಡುಪದವಿ. ಅಲ್ಲಿಯ ಮಾತಿನಲ್ಲಿ ಡ್ಯುಯಲ್ ಡಿಗ್ರಿ. ಮೊದಲ ವರ್ಷ ಎಲ್ಲ ವಿಭಾಗದವರಿಗೂ ಸಾಮಾನ್ಯವಾದ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ. ಆಮೇಲೆ ವಿಮಾನಶಾಸ್ತ್ರದ ನಾಲ್ಕು ಕಂಬಗಳು – ಗಾಳಿಯ ಚಲನೆ, ವಿಮಾನದ ಒಡಲಿನ ರಚನೆ, ಎಂಜಿನ್ನಿನ ನೂಕು, ಹಾರಾಟದ ನಿಯಂತ್ರಣ. ಕೂಡುಪದವಿಗೆ ಬಂದವರು ಕೊನೆಯ ವರ್ಷಗಳಲ್ಲಿ ಎಂ.ಟೆಕ್.ನ ಪಾಠಗಳನ್ನು ಓದಿ, ಒಂದು ವಿಷಯವನ್ನು ಹಿಡಿದು ಪ್ರೌಢಪ್ರಬಂಧ ಬರೆಯುತ್ತಾರೆ. ಕೆಲವು ಐ.ಐ.ಟಿ.ಗಳಲ್ಲಿ ಪ್ರವೇಶದ ದಿನವೇ ಐದು ವರ್ಷಕ್ಕೆ ಹೆಸರು ಬರೆಸುವ ಪದ್ಧತಿ ಬಂತು. ಕಾನ್ಪುರದಲ್ಲಿ ಬಿ.ಟೆಕ್.ಗೆ ಸೇರಿದವರು ನಡುವೆ ಅರ್ಜಿ ಹಾಕಿ ಈ ದಾರಿಗೆ ತಿರುಗಬಹುದು.

ಹಳಬರು ಇದನ್ನು ಕೇಳಿ ನಕ್ಕಾರು. 1980ರ ದಶಕದ ಆರಂಭದವರೆಗೆ ಐ.ಐ.ಟಿ.ಗಳಲ್ಲಿ ಬಿ.ಟೆಕ್. ಒಂದೇ ಐದು ವರ್ಷದ್ದಾಗಿತ್ತು. ಆಮೇಲೆ ಒಂದು ವರ್ಷ ಕಳೆದರು. ಕಳೆದುಹೋದ ಆ ಐದನೆಯ ವರ್ಷ ಈಗ ಸ್ನಾತಕೋತ್ತರ ವೇಷದಲ್ಲಿ ಮರಳಿ ಬಂದಿದೆ. ವ್ಯತ್ಯಾಸವಿಷ್ಟೆ – ಅಂದು ಅದು ಎಲ್ಲರಿಗೂ ಕಡ್ಡಾಯ, ಇಂದು ಆಯ್ಕೆ. ಆಯ್ಕೆ ಎಂದೊಡನೆ ಸಂಕಟವೂ ಬಂತು.

ಈ ಸಂಕಟವನ್ನು ಅರಿಯಲು ಹಾವೇರಿ ಸೀಮೆಯಿಂದ ಬಂದ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಂಡರೆ ಸಾಕು. ತಂದೆ ಹಳ್ಳಿಯ ಶಾಲೆಯ ಮೇಷ್ಟರು. ಮನೆಯಲ್ಲಿ ಮದುವೆಗೆ ಬೆಳೆದ ಮಗಳು, ತೀರದ ಸಾಲ. ಡಿಸೆಂಬರ್ ಒಂದನೆಯ ತಾರೀಖು ಬಂತೆಂದರೆ ಐ.ಐ.ಟಿ.ಗಳಲ್ಲಿ ಕಂಪನಿಗಳು ಉದ್ಯೋಗಿಗಳನ್ನು ಆರಿಸಿಕೊಳ್ಳಲು ಬಂದಿಳಿಯುತ್ತವೆ. ನಾಲ್ಕನೆಯ ವರ್ಷದ ಹುಡುಗರು ಎರವಲು ಕೋಟು ತೊಟ್ಟು ಸಾಲುಗಟ್ಟುತ್ತಾರೆ. ಬರುವ ಕಂಪನಿಗಳಲ್ಲಿ ಹಲವಕ್ಕೆ ವಿಮಾನ ಬೇಕಿಲ್ಲ. ಲೆಕ್ಕದಲ್ಲಿ ಚುರುಕಾದ ತಲೆ ಬೇಕು. ಸಾಫ್ಟ್‌ವೇರ್ ಬರೆಯಲು, ಬ್ಯಾಂಕಿನ ಹಣದ ಏರಿಳಿತವನ್ನು ಅಂದಾಜು ಮಾಡಲು ಅವು ಕೈತುಂಬ ಸಂಬಳ ಕೊಡುತ್ತವೆ. ಫ್ಯೂಗಾಯಿಡಿನ ಅಲೆ ಕಲಿತ ಕೈ ಷೇರುಪೇಟೆಯ ಅಲೆ ಎಣಿಸಲು ಹೊರಡುತ್ತದೆ. ಅದೇ ಡಿಸೆಂಬರಿನಲ್ಲಿ ಗಂಗೆಯ ಬಯಲಿನ ಮೇಲೆ ಮಂಜು ಕವಿದು, ಹತ್ತು ಮಾರು ದೂರದ ಮರ ಕಾಣದಾಗಿ, ಓಡುದಾರಿಯ ಮೇಲೆ ವಿಮಾನಗಳು ಸುಮ್ಮನೆ ನಿಂತಿರುತ್ತವೆ. ಹಾರಲಾರದ ತಿಂಗಳಿನಲ್ಲಿಯೇ ಹಾರಾಟವನ್ನು ಬಿಡುವುದೋ ಹಿಡಿಯುವುದೋ ಎಂದು ತೀರ್ಮಾನಿಸಬೇಕಾಗಿ ಬರುವುದು ವಿಧಿಯ ವಿನೋದವೇ ಸರಿ.

ಹುಡುಗ ರಾತ್ರಿ ಮನೆಗೆ ಫೋನು ಮಾಡುತ್ತಾನೆ.

"ಇನ್ನೊಂದು ವರ್ಷ ಓದಿದ್ರ ಏನು ಸಿಗತೈತಿ?" ತಂದೆಯ ಪ್ರಶ್ನೆ.

"ಇನ್ನೊಂದು ಪದವಿ ಸಿಗತೈತ್ರಿ ಅಪ್ಪಾ."

"ಪದವಿ ಮಾತು ಬ್ಯಾರೆ. ನಿನಗೇನು ಸಿಗತೈತಿ, ಅದನ್ನ ಹೇಳು."

ಹುಡುಗನಿಗೆ ಉತ್ತರ ತೋಚುವುದಿಲ್ಲ. ಸಾಲದ ಮಾತನ್ನು ತಂದೆ ಎತ್ತಲಿಲ್ಲ ಎಂಬುದೇ ಅವನ ಎದೆಯ ಮೇಲೆ ಹೆಚ್ಚು ಭಾರವಾಗಿ ಕೂರುತ್ತದೆ.

ನಾಲ್ಕು ವರ್ಷಕ್ಕೇ ಹೊರಟವರನ್ನು ದೂರಲು ಯಾರಿಗೂ ಅಧಿಕಾರವಿಲ್ಲ. ಮನೆಯ ಸಾಲ ತೀರಿಸಿದ ಸಂಬಳವೂ ವಿದ್ಯೆಯ ಫಲವೇ. ಹೊರದೇಶಕ್ಕೆ ಹೋದವರೆಲ್ಲ ವಿದ್ಯೆಯಿಂದ ಓಡಿಹೋದವರೂ ಅಲ್ಲ. ಚಂಡೀಗಢದಲ್ಲಿ 1982ರಲ್ಲಿ ವೈಮಾನಿಕ ಎಂಜಿನಿಯರಿಂಗ್ ಪದವಿ ಪಡೆದ ಕಲ್ಪನಾ ಚಾವ್ಲಾ ಅವರು ಅಮೆರಿಕೆಯಲ್ಲಿ ಸ್ನಾತಕೋತ್ತರ ಓದಿ, 1997ರಲ್ಲಿ ಅಂತರಿಕ್ಷಕ್ಕೆ ಏರಿದರು. 2003ರ ಫೆಬ್ರುವರಿ 1ರಂದು ಅಲ್ಲಿಂದ ಮರಳುವ ದಾರಿಯಲ್ಲಿಯೇ ಪ್ರಾಣ ತೆತ್ತರು. ಅವರದು ಹಾರಾಟವಲ್ಲದೆ ಪಲಾಯನವಲ್ಲ. ಊರು ಬಿಟ್ಟರೋ ಇಲ್ಲವೋ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಎದುರಿಗೆ ಬಂದ ಪ್ರಶ್ನೆಯನ್ನು ಬಿಟ್ಟರೋ ಹಿಡಿದರೋ ಎಂಬುದನ್ನು ನೋಡಬೇಕು.

ಹಂಸದ ನೀರು, ಹಂಸದ ಹಾಲು

ಈ ಓಡುದಾರಿಯಲ್ಲಿ ಕನ್ನಡ ನಾಡಿನ ಒಂದು ಹಕ್ಕಿಯೂ ಹಾರಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರೂಪಿಸಿದ ಎರಡು ಆಸನಗಳ ವಿಮಾನ ಅದು. ಮೊದಲು ಹಾರಿದ್ದು 1993ರಲ್ಲಿ. ಅದರ ಒಡಲು ಲೋಹದ ತಗಡಿನದಲ್ಲ, ಗಾಜಿನ ನಾರನ್ನು ಅಂಟಿನಲ್ಲಿ ಹೆಣೆದದ್ದು. ಹೆಸರು 'ಹಂಸ'. ಹಂಸ-3 ವಿಮಾನವನ್ನು ಕಾನ್ಪುರದಲ್ಲಿ ಹಾರಿಸಿ ಪಡೆದ ಅಳತೆಗಳ ಮೇಲೆ ಹಲವು ಸಂಶೋಧನ ಲೇಖನಗಳು ಹೊರಬಂದಿವೆ.

ಅವುಗಳಲ್ಲಿ ನಡೆಯುವ ಕೆಲಸ ಕುತೂಹಲದ್ದು. ಚಾಲಕನು ಹಿಡಿಕೆಯನ್ನು ಒಂದು ಗೊತ್ತಾದ ಕ್ರಮದಲ್ಲಿ ಹಿಂದೆ ಮುಂದೆ ಆಡಿಸುತ್ತಾನೆ. ವಿಮಾನ ಹೇಗೆ ಕುಲುಕಿತು, ಎಷ್ಟು ಬೇಗ ಬಾಗಿತು, ಎಷ್ಟು ಹೊತ್ತಿಗೆ ಸುಮ್ಮನಾಯಿತು ಎಂಬುದನ್ನು ಉಪಕರಣಗಳು ಸೆಕೆಂಡಿಗೆ ಹಲವಾರು ಬಾರಿ ಬರೆದಿಡುತ್ತವೆ. ನಾಡಿ ಹಿಡಿದು ಒಳಗಿನ ಸ್ಥಿತಿಯನ್ನು ಹೇಳುವ ಪಂಡಿತನಂತೆ, ಆ ಕುಲುಕಾಟದಿಂದ ರೆಕ್ಕೆ ಬಾಲಗಳ ಗುಣವನ್ನು ಲೆಕ್ಕ ಹಾಕಿ ಹೊರತೆಗೆಯಬೇಕು. ಕಷ್ಟವೆಂದರೆ, ಉಪಕರಣ ಬರೆದದ್ದೆಲ್ಲ ವಿಮಾನದ ಮಾತಲ್ಲ. ಎಂಜಿನ್ನಿನ ನಡುಕ, ಗಾಳಿಯ ತಳ್ಳಾಟ, ಉಪಕರಣದ ಸ್ವಂತ ತೊದಲು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ನೀರನ್ನು ಬಿಟ್ಟು ಹಾಲನ್ನು ಕುಡಿಯುವ ಹಂಸವನ್ನು ಕವಿಗಳು ಹೊಗಳಿದ್ದಾರೆ. ಇಲ್ಲಿ ಹಂಸದ ಬರಹದಿಂದಲೇ ನೀರನ್ನೂ ಹಾಲನ್ನೂ ವಿದ್ಯಾರ್ಥಿ ಬೇರ್ಪಡಿಸಬೇಕು. ಇದು ಒಂದು ವಾರದ ಕೆಲಸವಲ್ಲ. ಒಂದು ಲೆಕ್ಕ ಕೈಕೊಟ್ಟರೆ ಇನ್ನೊಂದು. ಅದೂ ಸೋತರೆ ಮರಳಿ ಗಾಳಿಸುರಂಗದ ಅಳತೆಯೊಡನೆ ಹೋಲಿಸಿ ನೋಡುವುದು. ಐದನೆಯ ವರ್ಷ ಹೀಗೆ ಸೋಲುಗಳಲ್ಲಿಯೇ ಬಹುಪಾಲು ಕಳೆಯುತ್ತದೆ. ತನ್ನ ವಿಮಾನ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ತಾನೇ ಅಳೆದು ಹೇಳಬಲ್ಲ ಜನರಿಲ್ಲದೆ ಯಾವ ದೇಶವೂ ಸ್ವಂತ ವಿಮಾನ ಕಟ್ಟಲಾರದು. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸಿಗೂ, ಇಸ್ರೋಗೂ ಬೇಕಾದವರು ಇಂತಹವರೇ.

ವಿದ್ಯಾರ್ಥಿಗಳ ಕೈಯಿಂದ ಇಂತಹ ಕೆಲಸ ಆದೀತೇ ಎಂಬ ಸಂದೇಹಕ್ಕೆ ಇದೇ ಆವರಣದಲ್ಲಿ ಉತ್ತರವಿದೆ. ಇಲ್ಲಿಯ ವಿದ್ಯಾರ್ಥಿಗಳು ಗುರುಗಳ ಮಾರ್ಗದರ್ಶನದಲ್ಲಿ ಸುಮಾರು ಮೂರು ಕಿಲೋ ತೂಕದ ಒಂದು ಉಪಗ್ರಹವನ್ನು ಕಟ್ಟಿದರು. ಅದಕ್ಕೆ 'ಜುಗ್ನೂ' ಎಂದು ಹೆಸರಿಟ್ಟರು, ಕನ್ನಡದಲ್ಲಿ ಮಿಣುಕುಹುಳು. 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ಅದು ಕಕ್ಷೆಗೆ ಏರಿತು. ಅದಕ್ಕೂ ಹಿಂದಿನ ವರ್ಷ, 2010ರ ಜುಲೈ 12ರಂದು, ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ, ಒಂದು ಕಿಲೋಗಿಂತಲೂ ಹಗುರವಾದ 'ಸ್ಟುಡ್‌ಸ್ಯಾಟ್' ಅದೇ ದಾರಿಯಲ್ಲಿ ಹೋಗಿತ್ತು.

ಮತ್ತೆ ಹಾವೇರಿಯ ಹುಡುಗ. ಮಂಜು ಹರಿದು, ಗೋಧಿಯ ಹೊಲಗಳು ತೆನೆ ತುಂಬಿದ ದಿನಗಳಲ್ಲಿ ಅವನು ತಂದೆಗೆ ಇನ್ನೊಮ್ಮೆ ಫೋನು ಮಾಡುತ್ತಾನೆಂದು ಊಹಿಸಬಹುದು. ಲ್ಯಾಂಚೆಸ್ಟರನ ಲೆಕ್ಕವನ್ನೂ, ತನ್ನ ಗಡಿಯಾರ ಬೇರೆ ಸಂಖ್ಯೆ ತೋರಿಸಿದ್ದನ್ನೂ, ಅದು ಏಕೆಂದು ಪುಸ್ತಕದಲ್ಲಿ ಪೂರ್ತಿ ಸಿಗದಿದ್ದುದನ್ನೂ ತಡೆತಡೆದು ಹೇಳುತ್ತಾನೆ. ತಂದೆಗೆ ಅರ್ಧ ಅರ್ಥವಾಗುತ್ತದೆ. ಜೀವಮಾನವೆಲ್ಲ ಮಕ್ಕಳ ಲೆಕ್ಕ ತಿದ್ದಿದವನಿಗೆ ಉಳಿದರ್ಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಲೆಕ್ಕ ತಾಳೆ ಆಗಿಲ್ಲಂದ್ರ ಎದ್ದು ಬರಬಾರದಪ್ಪಾ," ಎನ್ನುತ್ತಾನೆ. "ಸಾಲ ಒಂದು ವರ್ಷ ಕಾಯತೈತಿ. ನಿನ್ನ ಲೆಕ್ಕ ನೀನು ಮುಗಿಸು."

ಮಾರನೆಯ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆಯುತ್ತದೆ. ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕನೌಜಿನ ಬಸ್ಸು ಹಾರ್ನ್ ಹಾಕುತ್ತ ಹಾದುಹೋಗುತ್ತದೆ. ಎಂಜಿನ್ನಿನ ಸದ್ದಿಗೆ ಓಡುದಾರಿಯ ಅಂಚಿನ ಹುಲ್ಲಿನಿಂದ ಎರಡು ನವಿಲುಗಳು ಧಡಧಡನೆ ಎದ್ದು ಬೇಲಿಯಾಚೆ ಇಳಿಯುತ್ತವೆ. ಪುಟ್ಟ ವಿಮಾನ ನೆಲ ಬಿಟ್ಟು ಗಂಗೆಯ ಕಡೆಗೆ ತಿರುಗುತ್ತದೆ. ಒಳಗೆ ಕುಳಿತವರು ಗಡಿಯಾರ ಹಿಡಿದು, ಚಾಲಕನು ಹಿಡಿಕೆಯಿಂದ ಕೈ ತೆಗೆಯುವುದನ್ನೇ ಕಾದಿದ್ದಾರೆ.